ಮೇಣದೊಳಗಿನ ಪಿಸುಮಾತು

“ಒಂದೇ ಒಂದು ಸಲ ಸರ್,” ಎಂದ ಶಬ್ದಗ್ರಾಹಕ. “ಮುಳ್ಳು ಒಂದು ಸಲ ಇದರ ಮೇಲೆ ಓಡಿತು ಅಂದ್ರೆ ಮುಗೀತು. ಗೆರೆಯೆಲ್ಲ ಕಿತ್ತುಹೋಗುತ್ತೆ. ಆಮೇಲೆ ಇದು ಬರೀ ಮೇಣ.”

ಹೆರಿಗೆ ಕೋಣೆಯಿಂದ ಕೂಸನ್ನು ಹೊರಗೆ ತಂದ ಹಾಗೆ, ಮಾತು ಕೊರೆದಿಟ್ಟ ಆ ಮೇಣದ ತಟ್ಟೆಯನ್ನು ಎರಡೂ ಅಂಗೈ ಮೇಲೆ ಹೊತ್ತು ತಂದಿದ್ದ. ಎರಡು ಬೆರಳು ದಪ್ಪ, ಬಟ್ಟೆ ಸೋಪಿನ ಬಣ್ಣ. ಉಸಿರು ತಾಗಿದರೂ ಕೆಟ್ಟೀತು ಎಂಬಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ಮಾತಾಡುತ್ತಿದ್ದ.

ಇನ್ಸ್‌ಪೆಕ್ಟರಿಗೆ ತೊಂದರೆಯಾಗಿದ್ದೇ ಅಲ್ಲಿ. “ಈ ಕಡೆ ತಿರುಗಿ ಮಾತಾಡಿ,” ಎಂದರು.

ಅವನು ತಿರುಗಿದ. ಅವರು ಮೇಣವನ್ನು ನೋಡಲಿಲ್ಲ, ಅವನ ತುಟಿಯನ್ನು ನೋಡಿದರು.

“ಇಂಥಾವು ಎರಡು ಕೊರೀತೀರಿ ಅಂತ ಹೇಳಿದ್ರಲ್ಲ. ಒಂದು ಕೇಳಿ ನೋಡೋಕೆ, ಒಂದು ಅಚ್ಚು ತೆಗೆಸೋಕೆ.”

“ಹೌದು ಸರ್. ಕೇಳಿ ನೋಡೋದರಲ್ಲಿ ಶಾಟ್ ಶುರುವಾದ ಮೇಲಿನದಷ್ಟೇ ಯಜಮಾನರಿಗೆ ಕೇಳಿಸಿ, ಅವತ್ತೇ ಸಂಜೆ ಹೆರೆದುಬಿಟ್ಟೆ. ಹೆರೆದು ನುಣ್ಣಗೆ ಮಾಡಿ ಮಾರನೇ ದಿನಕ್ಕೆ ಇಟ್ಕೊಳ್ಳೋದು ನಮ್ಮ ಪದ್ಧತಿ.”

“ಹೆಣ ಇನ್ನೂ ಇಲ್ಲೇ ಇರುವಾಗ?”

“ಕೈಗೊಂದು ಕೆಲಸ ಬೇಕಿತ್ತು ಸರ್. ಸುಮ್ನೆ ಕೂರೋಕೆ ಆಗ್ಲಿಲ್ಲ.”

ನಿಜವೂ ಇರಬಹುದು. ಸಾವಿನ ಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತ ಕೂತ ಹೆಂಗಸರನ್ನು ಇನ್ಸ್‌ಪೆಕ್ಟರ್ ನೋಡಿದ್ದರು. ಸಾಕ್ಷಿ ಅಳಿಸಿದವರೂ ಇದೇ ಮಾತು ಹೇಳಿದ್ದನ್ನು ಕೇಳಿದ್ದರು. ಆಗ ಅವರಿಗೆ ಕಿವಿ ಕೇಳಿಸುತ್ತಿತ್ತು.

ಕಳೆದ ವಾರ ಈ ಗೋಡೆಯ ಆಚೆ, ಹಾಡಹಗಲಿನಂಥ ದೀಪಗಳ ಬೆಳಕಿನಲ್ಲಿ, ಕ್ಯಾಮೆರಾದವನು ತನ್ನ ಪೆಟ್ಟಿಗೆಯೊಳಗೆ ಸತ್ತಿದ್ದ. ಇಡೀ ಸ್ಟುಡಿಯೋ ಅಲ್ಲೇ ಇತ್ತು, ಒಬ್ಬರಿಗೂ ಗೊತ್ತಾಗಲಿಲ್ಲ.

ಚಿತ್ರಗಳಿಗೆ ಮಾತು ಬಂದ ಮೇಲೆ ಹುಟ್ಟಿಕೊಂಡ ಪೆಟ್ಟಿಗೆ ಅದು. ಮೂಕಿ ಚಿತ್ರದ ಕಾಲದಲ್ಲಿ ಕ್ಯಾಮೆರಾ ಕಟಕಟ ಅಂದರೆ ಯಾರಿಗೇನು. ನಿರ್ದೇಶಕನೇ ತಗಡಿನ ಕಹಳೆ ಹಿಡಿದು ‘ಅಳು, ಇನ್ನೂ ಅಳು, ಈಗ ಬೀಳು’ ಎಂದು ಕೂಗುತ್ತಿದ್ದ. ಈಗ ಮೈಕು ಬಂದು ಹೂದಾನಿಯೊಳಗೆ ಅವಿತು ಕೂತಿದೆ. ಸೊಳ್ಳೆ ಹಾರಿದರೂ ಹಿಡಿಯುತ್ತದೆ. ಹಾಗಾಗಿ ಕ್ಯಾಮೆರಾವನ್ನೂ ಅದನ್ನು ನಡೆಸುವವನನ್ನೂ ಸೇರಿಸಿ ಆಳೆತ್ತರದ ಪೆಟ್ಟಿಗೆಗೆ ಹಾಕಿ ಬಾಗಿಲು ಮುಚ್ಚುತ್ತಾರೆ. ಗೋಡೆಗೆಲ್ಲ ದಪ್ಪ ಕಂಬಳಿ, ಎದುರಿಗೆ ಎರಡು ಪದರದ ಗಾಜು. ಒಳಗಿನ ಸದ್ದು ಹೊರಗೆ ಬರಬಾರದು, ಅಷ್ಟೆ. ಗಾಳಿಯ ಯೋಚನೆ ಯಾರೂ ಮಾಡಿರಲಿಲ್ಲ.

ಕ್ಯಾಮೆರಾದವನಿಗೆ ಉಬ್ಬಸ. ಅದೂ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆ ದಿನ ಎರಡು ಸಲ ಉಸಿರು ಕಟ್ಟಿ, ಶಾಟ್ ನಡುವೆಯೇ ಬಾಗಿಲು ತಳ್ಳಿಕೊಂಡು ಹೊರಗೆ ಬಿದ್ದಿದ್ದ. ಎರಡು ಸಲವೂ ಕ್ಯಾಮೆರಾದ ಸದ್ದು ನುಗ್ಗಿ ಮೇಣ ಹಾಳಾಗಿತ್ತು. ಮೂರನೇ ಸಲ ಅವನು ಹೊರಗೆ ಬರಲಿಲ್ಲ. ಯಾರೋ ಹೊರಗಿನ ಚಿಲಕ ಹಾಕಿದ್ದರು. ಗಾಜಿಗೆ ಬಡಿದೂ ಬಡಿದೂ ಅವನ ಬೆರಳಗಂಟುಗಳು ಸುಲಿದಿದ್ದವು. ದೀಪಗಳ ಬೆಳಕಿಗೆ ಗಾಜು ಹೊರಗಿನವರಿಗೆ ಕನ್ನಡಿಯಾಗಿತ್ತು. ಕೆಂಪು ದೀಪ ಹತ್ತಿದ ಮೇಲೆ ಯಾರೂ ಅಲುಗಾಡಬಾರದು, ಕೆಮ್ಮಬಾರದು ಎಂದು ನಿಯಮ. ಎಲ್ಲರೂ ನಿಯಮ ಪಾಲಿಸಿದರು.

ಕ್ಯಾಮೆರಾ ಮೋಟರಿನ ಮೇಲೆ ತನ್ನ ಪಾಡಿಗೆ ತಾನು ಓಡಿತು. ಶಾಟ್ ಚೆನ್ನಾಗಿ ಬಂದಿತ್ತು.

ಪೆಟ್ಟಿಗೆಯ ಬಾಗಿಲು ಮುಚ್ಚುವ ಕೆಲಸ ಸತ್ತವನ ಸ್ವಂತ ತಮ್ಮನದು. ಅವನೀಗ ಲಾಕಪ್ಪಿನಲ್ಲಿದ್ದಾನೆ. ಅವತ್ತು ಬೆಳಿಗ್ಗೆ ಕ್ಯಾಂಟೀನಿನಲ್ಲಿ, ಹತ್ತು ಜನರೆದುರು, ‘ಸಾಯಿ ಹಾಗಾದ್ರೆ, ಆ ಪೆಟ್ಟಿಗೇಲೇ ಸಾಯಿ’ ಎಂದು ಅಣ್ಣನಿಗೆ ಬೈದಿದ್ದ. ಈ ಎದೆ ಇಟ್ಟುಕೊಂಡು ಒಳಗೆ ಹೋಗಬೇಡ ಎಂದು ಎಷ್ಟು ಗೋಗರೆದರೂ ಅಣ್ಣ ಕೇಳದೆ ಹೋದದ್ದಕ್ಕೆ ಹೊಟ್ಟೆಯ ಸಂಕಟದಿಂದ ಬಂದ ಮಾತು ಅದು. ಮೇಲಧಿಕಾರಿ ಅದನ್ನು ಉದ್ದೇಶ ಎಂದು ಕರೆದರು. ನಾಳೆ ಬೆಳಿಗ್ಗೆ ಹುಡುಗನನ್ನು ಕೋರ್ಟಿಗೆ ಹಾಜರುಪಡಿಸುವುದು, ಕೇಸು ಮುಗಿಸುವುದು.

“ನಾನು ಬಾಗಿಲು ಮುಚ್ಚಿದ್ದು ನಿಜ ಸಾರ್, ಚಿಲಕ ಮುಟ್ಟಿಲ್ಲ,” ಎಂದು ಕಂಬಿಗಳ ನಡುವೆ ಮುಖವಿಟ್ಟು ಹುಡುಗ ಹೇಳಿದ್ದ. “ಮುಚ್ಚಿ ಪರದೆ ಹಿಂದಕ್ಕೆ ಹೋದೆ. ಯಾರೋ ಪೆಟ್ಟಿಗೆ ಹತ್ರ ಪಿಸುಗುಟ್ಟಿದ್ರು, ‘ಇದೊಂದು ಸಲ ಸುಮ್ನಿರು’ ಅಂತ. ಆಮೇಲೆ ಕಬ್ಬಿಣದ ಸದ್ದು. ಆಮೇಲೆ ಹಲಗೆ ತಟ್ಟಿದ್ರು, ಶಾಟ್ ಶುರುವಾಯ್ತು.”

“ಗಂಡಸೋ, ಹೆಂಗಸೋ?”

“ಪಿಸುಮಾತು ಸಾರ್. ತಿಳೀಲಿಲ್ಲ.”

ಹುಡುಗ ಹೇಳಿದ್ದು ನಿಜವಾದರೆ ಆ ಪಿಸುಮಾತು ಮೇಣದಲ್ಲಿರಲೇಬೇಕು. ಅಚ್ಚಿಗೆ ಕಳಿಸಿ ಕಾಯಲು ಹೊತ್ತಿಲ್ಲ, ಕೋರ್ಟು ನಾಳೆಯೇ. ಶಾಟ್ ಶುರುವಿನ ಗುರುತಿಗೆ ಹಲಗೆ ತಟ್ಟುವುದಕ್ಕೆ ಮೊದಲೇ ಮುಳ್ಳನ್ನು ಮೇಣದ ಮೇಲೆ ಇಳಿಸುತ್ತಾರೆ. ಆ ಹೊತ್ತಿಗೆ ಪೆಟ್ಟಿಗೆಯ ಹತ್ತಿರ ಇದ್ದವರು ಇಬ್ಬರೇ. ಮಿಕ್ಕವರೆಲ್ಲ ಅಟ್ಟಣಿಗೆಯ ಮೇಲೆ ದೀಪಗಳ ಹತ್ತಿರ ಬೆವರು ಸುರಿಸುತ್ತಿದ್ದರು. ಒಬ್ಬ ನಿರ್ದೇಶಕ. ಕಹಳೆ ಕೈಬಿಟ್ಟು ಎರಡು ವರ್ಷವಾದರೂ ಎಲ್ಲರೂ ಅವನನ್ನು ಇವತ್ತಿಗೂ ‘ಕಹಳೆ’ ಎಂದೇ ಕರೆಯುವುದು. ‘ಇನ್ನೊಂದು ಸಲ ಬಾಗಿಲು ತೆಗೆದ್ರೆ ಮೊಳೆ ಹೊಡೆಸ್ತೀನಿ’ ಎಂದು ಎಲ್ಲರೆದುರು ಅವನು ಹೂಂಕರಿಸಿದ್ದ.

ಇನ್ನೊಬ್ಬಳು ಅವನ ಹೆಂಡತಿ, ಚಿತ್ರದ ನಾಯಕಿ, ‘ಮಹಾರಾಣಿ’. ಮೂಕಿ ಚಿತ್ರಗಳಲ್ಲಿ ಅವಳು ಕಣ್ಣೆತ್ತಿದರೆ ಸಾಕು, ಊರು ಮುಗಿಬೀಳುತ್ತಿತ್ತು. ಮಾತು ಬಂದ ಮೇಲೆ ಸ್ಟುಡಿಯೋ ಯಜಮಾನರಿಗೆ ಅವಳ ಮೇಲಿನ ನಂಬಿಕೆ ಹೋಯಿತು. ಅವತ್ತು ಸಂಜೆಯೊಳಗೆ ಆ ಶಾಟ್ ಮುಗಿಯದಿದ್ದರೆ ನಾಟಕ ಕಂಪನಿಯ ಹುಡುಗಿಯೊಬ್ಬಳು ಅವಳ ಜಾಗಕ್ಕೆ ಬರುವುದೆಂದು ನಿಕ್ಕಿಯಾಗಿತ್ತು.

ಇಬ್ಬರಿಗೂ ಬೇಕಿದ್ದುದು ಒಂದೇ, ಒಂದು ಕೆಡದ ಶಾಟ್. ಈಗ ಇಬ್ಬರೂ ಈ ಕೋಣೆಯಲ್ಲೇ ಇದ್ದರು. ಮತ್ತು ಮೇಣವನ್ನು ಹೊತ್ತು ನಿಂತ ಶಬ್ದಗ್ರಾಹಕ ಮಹಾರಾಣಿಯ ಒಡಹುಟ್ಟಿದ ತಮ್ಮ.

ಹೊರಗೆ ಬೆಂಚಿನ ಮೇಲೆ ಸತ್ತವನ ತಾಯಿ ಕೂತಿದ್ದಳು.

ಆಕೆ ಇದೇ ಸ್ಟುಡಿಯೋದಲ್ಲಿ ಉಡುಪು ಹೊಲಿಯುವವಳು. ಮಹಾರಾಣಿಯ ಜರಿ ಮೇಲಂಗಿಗಳಿಗೆಲ್ಲ ಗುಂಡಿ ಹಾಕಿದ್ದು ಆಕೆಯ ಕೈ. ದೊಡ್ಡ ಮಗನನ್ನು ಮಣ್ಣು ಮಾಡಿ ಬಂದವಳು ಸೀದಾ ಠಾಣೆಗೆ ಬಂದು, ಚಿಕ್ಕವನ ಕಂಬಿಯೆದುರು ಕೂತುಬಿಟ್ಟಿದ್ದಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಈ ದಿನ ಇನ್ಸ್‌ಪೆಕ್ಟರ್ ಸ್ಟುಡಿಯೋಗೆ ಹೊರಟಾಗ ಹಿಂದೆಯೇ ಎದ್ದು ಬಂದಳು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

“ಸಾಹೇಬ್ರೆ, ಆ ಮೇಣ ಸುಳ್ಳು ಹೇಳಲ್ಲ ಅಲ್ವಾ?” ಎಂದು ಬಾಗಿಲಲ್ಲಿ ಕೇಳಿದ್ದಳು.

“ಹೇಳಲ್ಲ ತಾಯಿ.”

“ಅದು ಹೇಳಿದ್ದು ನೀವು ಕೇಳಿಸ್ಕೊಂಡ್ರೆ ಸಾಕು. ನನ್ನ ಚಿಕ್ಕವನು ಮನೆಗೆ ಬರ್ತಾನೆ.”

ಇನ್ಸ್‌ಪೆಕ್ಟರ್ ಹೂಂ ಎಂದು ತಲೆಯಾಡಿಸಿ ಒಳಗೆ ಬಂದಿದ್ದರು.

ಅವರ ಕಿವಿ ಮೂರು ವರ್ಷದಿಂದ ಇಷ್ಟಿಷ್ಟೇ ಕೈಕೊಡುತ್ತ ಬಂದು, ಈಗ ಪೂರ್ತಿ ಬಾಗಿಲು ಹಾಕಿಕೊಂಡಿತ್ತು. ಹತ್ತಿರದಲ್ಲಿ ಬಾಣಲೆ ಬಿದ್ದರೆ ಎಲ್ಲೋ ದೂರದಲ್ಲಿ ಬೀಜ ಸಿಡಿದ ಹಾಗೆ. ಮಾತಂತೂ ಬರೀ ಗುಂಯ್. ತುಟಿ ನೋಡಿ ಮಾತು ಹಿಡಿಯುತ್ತಿದ್ದರು, ಎಷ್ಟು ಚೆನ್ನಾಗಿ ಎಂದರೆ ಇಲಾಖೆಯಲ್ಲಿ ಯಾರಿಗೂ ಸುಳಿವಿರಲಿಲ್ಲ. ಎದುರಿಗಿದ್ದವರ ಬಾಯಿಯನ್ನೇ ದಿಟ್ಟಿಸುವ ಅವರ ನೋಟಕ್ಕೆ ಕಳ್ಳರು ಬೆವರಿ ನಿಜ ಒಪ್ಪಿಕೊಂಡದ್ದೂ ಉಂಟು. ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ: ಹೆಂಡತಿಗೆ ಮತ್ತು ಕಾನ್‌ಸ್ಟೇಬಲ್ ‘ಮೀಸೆ’ಗೆ. ಮೀಸೆಗೆ ಈಗ ಮೀಸೆಯಿಲ್ಲ. ತುಟಿ ಮುಚ್ಚುವಂಥ ಪೊದೆಮೀಸೆಯನ್ನು ಸಾಹೇಬರಿಗಾಗಿ ಒಂದು ಬೆಳಿಗ್ಗೆ ಬೋಳಿಸಿಕೊಂಡು ಬಂದು, ಬೇಸಗೆ ಸರ್, ಸೆಕೆ ಎಂದಿದ್ದ. ಹೆಸರು ಮಾತ್ರ ಉಳಿದುಕೊಂಡಿತು.

ಮೂಕಿ ಚಿತ್ರವೆಂದರೆ ಇನ್ಸ್‌ಪೆಕ್ಟರಿಗೆ ಪ್ರಾಣ. ಅಲ್ಲಿ ಕೂತಿದ್ದವರೆಲ್ಲ ಕಿವುಡರೇ, ಅವರೊಬ್ಬರೇ ಕೇಳಿಸಿಕೊಳ್ಳುವವರು. ನಾಯಕ ನಾಯಕಿಯ ಕೈ ಹಿಡಿದು ಕಣ್ಣೀರಿಡುವಾಗ ಅವನ ತುಟಿ ‘ನನ್ನ ಕಾಲು ತುಳೀತಿದ್ದೀಯ, ಸರಿ ಅತ್ಲಾಗೆ’ ಎನ್ನುವುದು ಅವರಿಗೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿಗೆ ಅದನ್ನು ಹೇಳುವುದು, ಆಕೆ ಕರವಸ್ತ್ರ ಬಾಯಿಗೆ ತುರುಕಿಕೊಂಡು ನಗುವುದು. ಮಾತಿನ ಚಿತ್ರ ಬರುತ್ತದೆಂಬ ಸುದ್ದಿ ಬಂದ ದಿನ ಆಕೆ, “ಇನ್ಮೇಲೆ ಅವರೂ ಬಾಯಲ್ಲಿ ಇರೋದನ್ನೇ ಆಡ್ತಾರಂತೆ ಕಣ್ರೀ. ನಿಮ್ಮ ಪಾತ್ರ ಮುಗೀತು,” ಎಂದು ತಮಾಷೆ ಮಾಡಿ, ಆಮೇಲೆ ಅವರ ಮುಖ ನೋಡಿ ಸುಮ್ಮನಾಗಿದ್ದಳು.

ಅದಕ್ಕೇ ಈ ದಿನ ಮೀಸೆಯನ್ನು ಜೊತೆಗೆ ಕರೆತಂದಿದ್ದರು. ಅವನು ಕೇಳುವುದು, ಅವರು ಮುಖಗಳನ್ನು ನೋಡುವುದು. ಠಾಣೆಯಿಂದ ಬರುವಾಗಲೇ ಮಾತಾಗಿತ್ತು.

“ಎಷ್ಟು ಹೊತ್ತು ಅದನ್ನ ಹಿಡ್ಕೊಂಡು ನಿಂತಿರ್ತೀಯ? ಹಾಕು,” ಎಂದ ಕಹಳೆ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮಹಾರಾಣಿ ಕಿಟಕಿಯ ಹತ್ತಿರ, ನೀರಿನ ಹೂಜಿ ಇಟ್ಟ ಮೇಜಿಗೆ ಒರಗಿ ನಿಂತಿದ್ದಳು. ಬಣ್ಣವಿಲ್ಲದ ಮುಖ. ತೆರೆಯ ಮೇಲೆ ಕಾಣುವುದಕ್ಕಿಂತ ಸಣ್ಣ ಜೀವ.

ಶಬ್ದಗ್ರಾಹಕ ಮೇಣವನ್ನು ಯಂತ್ರದ ಮೇಲಿಟ್ಟ. ಗೂಡಿನಿಂದ ಕಿವಿಗೆ ಹಾಕುವ ಎರಡು ಹೆಡ್‌ಫೋನುಗಳನ್ನು ತೆಗೆದ, ತಲೆಯ ಮೇಲೆ ಕೂರುವ ಕಬ್ಬಿಣದ ಪಟ್ಟಿಯ ಎರಡು ತುದಿಗೆ ಎರಡು ಕಪ್ಪು ಬಿಲ್ಲೆ.

“ಎಲ್ಲರಿಗೂ ಕೇಳಿಸೋ ದೊಡ್ಡ ಕೊಳವೆಯಲ್ಲಿ ಹಾಕೋಕಾಗಲ್ಲ ಸರ್, ಹಸಿ ಮೇಣದಿಂದ ಅಷ್ಟು ಸದ್ದು ಹೊರಡಲ್ಲ. ಇದರಲ್ಲೇ ಕೇಳ್ಬೇಕು. ಒಂದು ನನಗೆ. ಕೇಳ್ದೆ ಮುಳ್ಳು ನಡೆಸೋಕಾಗಲ್ಲ. ಇನ್ನೊಂದು ನಿಮಗೆ.”

“ಕಾನ್‌ಸ್ಟೇಬಲ್ ಕೇಳ್ತಾನೆ,” ಎಂದರು ಇನ್ಸ್‌ಪೆಕ್ಟರ್ ಸಹಜವೆಂಬಂತೆ. ಮೀಸೆ ಮುಂದೆ ಬಂದ.

ಕಹಳೆ ಕಾಲು ಕೆಳಗಿಳಿಸಿದ. “ಏನು? ನಮ್ಮ ಮೇಲೆ ಕೊಲೆ ಅನುಮಾನ, ಕೇಳೋನು ಕಾನ್‌ಸ್ಟೇಬಲ್ಲಾ? ನಾಳೆ ಕೋರ್ಟಲ್ಲಿ ಇವನು ಹೇಳಿದ್ದು ನಿಲ್ಲುತ್ತಾ? ನೀವ್ಯಾಕೆ ಬಂದ್ರಿ ಮತ್ತೆ? ನಿಮ್ಮ ಕಿವಿ ರಜಾ ಹಾಕಿದೆಯಾ ಸಾಹೇಬ್ರೆ?”

ಶಬ್ದಗ್ರಾಹಕ ನಕ್ಕ. ಹೆದರಿದವರು ನಗುವ ನಗು ಅದು. ಮಹಾರಾಣಿ ನಗಲಿಲ್ಲ. ಅವಳು ಇನ್ಸ್‌ಪೆಕ್ಟರನ್ನೇ ನೋಡುತ್ತಿದ್ದಳು.

ಮೊನ್ನೆ ಅವಳ ಅಲಂಕಾರದ ಕೋಣೆಯಲ್ಲಿ ವಿಚಾರಣೆ ಮಾಡಿದ್ದು ಅವರಿಗೆ ನೆನಪಾಯಿತು. ಬೆನ್ನು ತಿರುಗಿಸಿ ಬಣ್ಣ ಒರೆಸಿಕೊಳ್ಳುತ್ತ ಅವಳು ಉತ್ತರ ಕೊಡುತ್ತಿದ್ದಳು. ಅವರು ಕನ್ನಡಿಯಲ್ಲಿ ಓದುತ್ತಿದ್ದರು. ಒಂದು ಸಲ ಅವಳು ಕನ್ನಡಿಯನ್ನು ಒಂದಿಷ್ಟು ವಾಲಿಸಿದಳು. ಅವರು ಕೂಡಲೇ ಕುರ್ಚಿ ಪಕ್ಕಕ್ಕೆ ಎಳೆದುಕೊಂಡಿದ್ದರು. ಅವಳು ಮತ್ತೆ ಬಣ್ಣ ಒರೆಸಿಕೊಳ್ಳತೊಡಗಿದ್ದಳು.

ಈಗ ಹಿಂದೆ ಸರಿಯುವಂತಿರಲಿಲ್ಲ. ನನಗೆ ಕೇಳಿಸುವುದಿಲ್ಲ ಎಂದರೆ ಸಂಜೆಯೊಳಗೆ ಸುದ್ದಿ ಮೇಲಧಿಕಾರಿಗೆ ಮುಟ್ಟುತ್ತದೆ. ಬೆಲ್ಟು ಬಿಚ್ಚಿಸುತ್ತಾರೆ, ಹೋಗಲಿ. ಆದರೆ ಕೇಸು ಆ ಮನುಷ್ಯನ ಕೈಗೆ ಹೋಗುತ್ತದೆ, ಅವನಿಗೆ ಮೇಣವೂ ಬೇಡ, ಮಾತೂ ಬೇಡ. ಹುಡುಗ ಮುಗಿದ ಹಾಗೆಯೇ. ನಾಚಿಕೆಯೂ ಇತ್ತು, ಸುಳ್ಳೇಕೆ. ಒಂದು ಗಳಿಗೆ ನಾಚಿಕೆ ಬಿಟ್ಟು ಮೀಸೆಯ ಕೈಗೆ ಅದನ್ನು ಕೊಟ್ಟಿದ್ದರೆ ಎಂದು ಆಮೇಲೆ ಎಷ್ಟು ಸಲ ತಲೆ ಚಚ್ಚಿಕೊಂಡರೋ. ಆ ಗಳಿಗೆಯಲ್ಲಿ ಮಾತ್ರ ಅವರಿಗೆ ಹೊಳೆದದ್ದು ಒಂದೇ: ಕೇಳುವುದು ಶಬ್ದಗ್ರಾಹಕ, ಅವನ ಮುಖ ನನ್ನ ಕಣ್ಣೆದುರಿಗಿದೆ. ಇಷ್ಟು ವರ್ಷ ಅನ್ನ ಹಾಕಿದ್ದು ಈ ಕಣ್ಣೇ.

“ಕೊಡಿ ಇತ್ಲಾಗೆ,” ಎಂದು ಹೆಡ್‌ಫೋನನ್ನು ತಲೆಗೆ ಏರಿಸಿಕೊಂಡರು. ಮೀಸೆ ಸಪ್ಪೆ ಮುಖ ಮಾಡಿಕೊಂಡು ಬಾಗಿಲಿಗೆ ವಾಪಸಾದ.

ಮುಳ್ಳು ಇಳಿಯಿತು.

ಕಿವಿಯಲ್ಲಿ ಏನೂ ಇಲ್ಲ. ಬಿಲ್ಲೆಗಳ ತಣ್ಣನೆ, ಪಟ್ಟಿಯ ಒತ್ತಡ. ತಟ್ಟೆ ಸುತ್ತುತ್ತಿತ್ತು, ಮುಳ್ಳಿನ ಹಿಂದೆ ಕೂದಲೆಳೆಯಂಥ ಮೇಣದ ಎಳೆ ಸುರುಳಿ ಸುರುಳಿಯಾಗಿ ಎದ್ದು ಬೀಳುತ್ತಿತ್ತು. ಒಬ್ಬ ಹುಡುಗನ ಜೀವ ಅಲ್ಲಿ ಕಣ್ಣೆದುರಿಗೇ ಹೆರೆದು ಬೀಳುತ್ತಿದೆ, ತಾನು ದೊಡ್ಡ ಮನುಷ್ಯನ ಹಾಗೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದೇನೆ ಎಂದು ಇನ್ಸ್‌ಪೆಕ್ಟರಿಗೆ ಅನಿಸಿತು. ಕಣ್ಣು ಮುಚ್ಚಲಿಲ್ಲ.

ಶಬ್ದಗ್ರಾಹಕ ತಲೆ ತಗ್ಗಿಸಿ ಮುಳ್ಳು ನೋಡುತ್ತಿದ್ದ. ಹುಬ್ಬು ಗಂಟಿಕ್ಕಿತ್ತು.

ಆಮೇಲೆ ಗಂಟು ಬಿಚ್ಚಿತು. ಮುಖದ ರಕ್ತವೆಲ್ಲ ಯಾರೋ ಹೀರಿಕೊಂಡ ಹಾಗಾಯಿತು. ಅವನ ಕಣ್ಣು ತಾನಾಗಿಯೇ ಎದ್ದು ಕಿಟಕಿಯತ್ತ ಹೋಯಿತು, ಅಕ್ಕನ ಹತ್ತಿರ. ರೆಪ್ಪೆ ಬಡಿಯುವಷ್ಟು ಹೊತ್ತು. ಮತ್ತೆ ಮುಳ್ಳಿನ ಮೇಲೆ ಬಿತ್ತು.

ಮರುಕ್ಷಣ ಇನ್ಸ್‌ಪೆಕ್ಟರ್ ಕಿವಿಯಲ್ಲಿ ಬೀಜ ಸಿಡಿದ ಹಾಗೆ ಒಂದು ಸಣ್ಣ ಟಪ್. ಹಲಗೆ ತಟ್ಟಿದ ಸದ್ದು. ಅದೊಂದು ಅವರಿಗೂ ಕೇಳಿಸಿತು.

ಅಂದರೆ ಅವನು ನೋಡಿದ್ದು ಹಲಗೆಗೆ ಮೊದಲು. ಯಾರೂ ಮಾತಾಡಬಾರದ ಹೊತ್ತಿನಲ್ಲಿ ಯಾರೋ ಮಾತಾಡಿದ್ದಾರೆ, ಮತ್ತು ಆ ಪಿಸುಮಾತನ್ನು ಹುಟ್ಟಿದಾಗಿನಿಂದ ಕೇಳಿದವನು ಗುರುತು ಹಿಡಿದಿದ್ದಾನೆ.

ಉಳಿದದ್ದೆಲ್ಲ ಮಹಾರಾಣಿಯ ಸಂಭಾಷಣೆ. ಯಜಮಾನರು ಹೊಗಳಿದ ಶಾಟ್. ಅದು ಮುಗಿಯುವವರೆಗೂ ಶಬ್ದಗ್ರಾಹಕ ತಲೆಯೆತ್ತಲಿಲ್ಲ. ಕೊನೆಗೆ ಮುಳ್ಳು ಎತ್ತಿದ. ಮೇಣದ ಮೇಲೆ ಸುಕ್ಕು ಸುಕ್ಕು, ಹುಡಿ ಹುಡಿ. ಇನ್ನು ಅದು ಯಾರ ಹತ್ತಿರವೂ ಏನೂ ಹೇಳುವುದಿಲ್ಲ.

“ಏನಿತ್ತು?” ಎಂದ ಕಹಳೆ.

“ಸಂಭಾಷಣೆ ಭಾವ. ಬರೀ ಅಕ್ಕನ ಸಂಭಾಷಣೆ.” ಶಬ್ದಗ್ರಾಹಕ ಇನ್ಸ್‌ಪೆಕ್ಟರ್ ಕಡೆ ತಿರುಗಿದ. “ನೀವೂ ಕೇಳಿದ್ರಲ್ಲ ಸರ್?”

ಇನ್ಸ್‌ಪೆಕ್ಟರ್ ಹೆಡ್‌ಫೋನನ್ನು ತೆಗೆದು ನಿಧಾನವಾಗಿ ಮೇಜಿನ ಮೇಲಿಟ್ಟರು. ಜನ್ಮದಲ್ಲಿ ಸಾಕ್ಷಿಯ ವಿಷಯದಲ್ಲಿ ಸುಳ್ಳಾಡಿದವರಲ್ಲ. ಆದರೆ ಹೊರಗಿನ ಬೆಂಚು ನೆನಪಾಯಿತು.

“ಕೇಳಿದೆ,” ಎಂದರು. “ಸಂಭಾಷಣೆ ಆಮೇಲೆ. ಹಲಗೆ ತಟ್ಟೋಕೆ ಮೊದಲು ಇದ್ದದ್ದು ಬೇರೆ. ‘ಇದೊಂದು ಸಲ ಸುಮ್ನಿರು.’ ಹೆಂಗಸಿನ ಪಿಸುಮಾತು. ನಿಮಗೂ ಕೇಳಿಸ್ತು. ಕೇಳಿಸಿದ ಕೂಡಲೆ ನೀವು ಯಾರನ್ನ ನೋಡಿದ್ರಿ ಅಂತ ನಾನು ನೋಡಿದೆ.”

ಕಹಳೆ ಕುರ್ಚಿಯಿಂದ ಅರ್ಧ ಎದ್ದ. ಹೆಂಡತಿಯ ಕಡೆ ತಿರುಗಿದ. ಮೂಕಿ ಚಿತ್ರಗಳ ಕಾಲದಿಂದ ಕೂಗಿ ಕೂಗಿ ಬದುಕಿದ ಮನುಷ್ಯನ ಬಾಯಿ ತೆರೆದೇ ಇತ್ತು.

“ನೀನಾ?” ಎಂದ ಕೊನೆಗೆ.

ಅವಳು ಅವನಿಂದ ಮುಖ ತಿರುಗಿಸಿ ಇನ್ಸ್‌ಪೆಕ್ಟರನ್ನು ನೋಡಿದಳು.

“ಅಮ್ಮಾ,” ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ, “ಸಾಯಿಸಬೇಕು ಅಂತ ನೀವು ಮಾಡಿದ್ದಲ್ಲ, ನನಗೆ ಗೊತ್ತು. ಒಂದು ಶಾಟ್ ಉಳಿಸಿಕೊಳ್ಳೋಕೆ ಚಿಲಕ ಹಾಕಿದ್ರಿ, ಮುಗಿದ ತಕ್ಷಣ ತೆಗೀತೀನಿ ಅಂದ್ಕೊಂಡ್ರಿ. ಇಲ್ಲಿ ಹೇಳಿಬಿಟ್ರೆ ಅದನ್ನೇ ನಾನು ಬರೀತೀನಿ. ಆ ಹುಡುಗ ನಾಳೆ ಕಟಕಟೆ ಹತ್ತಬೇಕಾಗಿಲ್ಲ. ಅವನ ತಾಯಿ ಹೊರಗೆ ಕೂತಿದಾಳೆ. ನಿಮ್ಮ ಬಟ್ಟೆ ಹೊಲಿದ ಹೆಂಗಸು.”

“ಅಕ್ಕಾ,” ಎಂದ ಶಬ್ದಗ್ರಾಹಕ. “ಸರ್, ಅವಳು ಏನೋ ಗಾಬರಿಯಲ್ಲಿ... ಅವಳಿಗೆ ಉಬ್ಬಸದ ವಿಷಯ...”

ಬಾಯಿಬಿಟ್ಟ. ಇನ್ನೊಂದು ವಾಕ್ಯ ಬರಲಿ ಸಾಕು. ಬಾಗಿಲಲ್ಲಿ ಮೀಸೆ ಉಸಿರು ಬಿಗಿಹಿಡಿದು ನಿಂತಿದ್ದ. ಅವನ ಭುಜದ ಹಿಂದೆ ತಾಯಿ ಬಂದು ನಿಂತಿದ್ದಳು. ಇನ್ಸ್‌ಪೆಕ್ಟರಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಹಣೆಯ ಬೆವರನ್ನು ಅಂಗೈಯಿಂದ ಒರೆಸಿಕೊಂಡರು. ಸಂಜೆಗೆ ಹುಡುಗನನ್ನು ಬಿಡಿಸಬಹುದು. ಹೆಂಡತಿಗೆ ಇದನ್ನೆಲ್ಲ ಹೇಳಬಹುದು.

ಮಹಾರಾಣಿ ತಮ್ಮನ ಕಡೆ ನೋಡದೆ ಒಂದು ಹೆಜ್ಜೆ ಮುಂದೆ ಬಂದಳು. ಕಣ್ಣಲ್ಲಿ ನೀರಿತ್ತು. ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ, ಇನ್ಸ್‌ಪೆಕ್ಟರ್ ಮುಖವನ್ನೇ ನೋಡುತ್ತ, ತುಂಬ ಮೃದುವಾಗಿ ಕೇಳಿದಳು:

“ಬೆವೆತು ಹೋಗಿದೀರಿ ಸಾಹೇಬ್ರೆ. ನೀರು ಕೊಡ್ಲಾ?”

“ಬೇಡಮ್ಮ, ಆಮೇಲೆ ಕುಡೀತೀನಿ,” ಎಂದರು ಇನ್ಸ್‌ಪೆಕ್ಟರ್.

ಹೇಳಿ ಸುತ್ತ ನೋಡಿದರು. ಏನೋ ಹೆಚ್ಚುಕಡಿಮೆಯಾಗಿತ್ತು.

ಕಹಳೆ ಹೆಂಡತಿಯನ್ನು ಬಿಟ್ಟು ಅವರನ್ನು ನೋಡುತ್ತಿದ್ದ. ಶಬ್ದಗ್ರಾಹಕ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗಿ ಅವರನ್ನೇ ನೋಡುತ್ತಿದ್ದ. ಮೀಸೆ ಹಣೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದ್ದ.

“ಏನು ಬೇಡ ಸಾಹೇಬ್ರೆ?” ಎಂದ ಕಹಳೆ. “ಯಾರಿಗೆ ಹೇಳ್ತಿದ್ದೀರಿ? ಇಲ್ಲಿ ಯಾರೂ ಏನೂ ಕೇಳ್ಲಿಲ್ಲವಲ್ಲ?”

ಮಹಾರಾಣಿ ಲೋಟವನ್ನು ಮೇಜಿನ ಮೇಲಿಟ್ಟಳು.

“ನಾನು ಕೇಳ್ದೆ,” ಎಂದಳು. ಈ ಸಲ ದನಿಯಿತ್ತೆಂದು ಕಾಣುತ್ತದೆ, ಎಲ್ಲರೂ ಅವಳ ಕಡೆ ತಿರುಗಿದರು. “ದನಿ ಹೊರಡಿಸ್ದೆ ಕೇಳ್ದೆ. ಹದಿನೈದು ವರ್ಷ ಅದೇ ನನ್ನ ಕಸುಬು. ಕನ್ನಡಿ ಮುಂದೆ ಕೂತ ದಿನವೇ ನನಗೆ ಅನುಮಾನ ಇತ್ತು.”

ಅವಳು ಮೇಣದ ಹುಡಿಯನ್ನು ಬೆರಳಿನಿಂದ ಮುಟ್ಟಿದಳು, ತಮ್ಮನನ್ನು ನೋಡಿದಳು. ಅವನು ಬಾಯಿ ಮುಚ್ಚಿಕೊಂಡ.

“ಈಗ ಹೇಳಿ ಸಾಹೇಬ್ರೆ,” ಎಂದಳು. ಅಳುತ್ತಲೂ ಇದ್ದಳು. “ಇದರಲ್ಲಿ ನೀವು ಏನು ಕೇಳಿಸ್ಕೊಂಡ್ರಿ?”

ಇನ್ಸ್‌ಪೆಕ್ಟರ್ ನೋಟ ತಾನಾಗಿ ಬಾಗಿಲತ್ತ ಹೋಯಿತು.

ತಾಯಿ ಮೀಸೆಯನ್ನು ದಾಟಿ ಒಳಗೆ ಬಂದಿದ್ದಳು. ಅವರನ್ನೇ ನೋಡುತ್ತ ಏನೋ ಕೇಳುತ್ತಿದ್ದಳು. ಮತ್ತೆ ಮತ್ತೆ ಅದನ್ನೇ ಕೇಳುತ್ತಿರುವುದು ಭುಜದ ಅಲುಗಾಟದಿಂದ ತಿಳಿಯುತ್ತಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಏನು ಕೇಳಿದಳೆಂದು ಅವರಿಗೆ ಗೊತ್ತಾಗಲಿಲ್ಲ.